ವಳಿವಡೆಗೆ ಬಂದ ಹೆಣ್ಣುಮಕ್ಕಳು

ಮದುವೆಯ ಜವಳಿ ಎಂದರೆ ಕೊಲ್ಹಾಪುರ ಸೀಮೆಯ ಜನ ಮೊದಲು ನೆನೆಯುವ ಹೆಸರು ಗಾಂಧಿನಗರ. ಕೊಲ್ಹಾಪುರದ ಪಕ್ಕದ ಈ ಹೋಲ್‌ಸೇಲ್ ಪೇಟೆಗೆ ಗಡಿಯ ಎರಡೂ ಬದಿಯ ವ್ಯಾಪಾರಿಗಳು ಬರುತ್ತಾರೆ. ಮಗ್ಗಗಳ ಊರು ಇಚಲಕರಂಜಿಯೂ ಇಲ್ಲಿಂದ ದೂರವಿಲ್ಲ. ಅಂಗಡಿಗಳ ಹಲಗೆಗಳ ಮೇಲೆ ಸಿಂಧಿ ಮನೆತನಗಳ ಹೆಸರು. ಸೀರೆಯ ಗಂಟು ಕಟ್ಟಿಸಿಕೊಂಡು ಊರಿಗೆ ಹೊರಡುವವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಎರಡು ಮಹಾ ಹಿಂಸಾಚಾರಗಳಿಂದ ತಪ್ಪಿಸಿಕೊಂಡು ಬಂದ ಹೆಂಗಸರು ಒಬ್ಬರ ಹಿಂದೆ ಒಬ್ಬರಂತೆ ತಂಗಿದ್ದು ಇದೇ ನೆಲದಲ್ಲಿ.

ಮೊದಲು ಬಂದವರು ಪೋಲೆಂಡಿನವರು. 1943ರಲ್ಲಿ ಕೊಲ್ಹಾಪುರ ಸಂಸ್ಥಾನದ ವಳಿವಡೆ ಗ್ರಾಮದ ಬಳಿ ಅವರಿಗಾಗಿ ಶಿಬಿರ ತೆರೆಯಲಾಯಿತು. ಉದ್ದನೆಯ ಬ್ಯಾರಕ್ಕುಗಳನ್ನು ಭಾಗ ಮಾಡಿ ಕುಟುಂಬಕ್ಕೊಂದರಂತೆ ಹಂಚಿದರು. ಶಾಲೆ, ಆಸ್ಪತ್ರೆ, ಚರ್ಚು, ನಾಟಕದ ವೇದಿಕೆ ಎಲ್ಲವೂ ಎದ್ದವು. 1948ರವರೆಗೆ ನಡೆದ ಈ ಶಿಬಿರದಲ್ಲಿ ಸುಮಾರು 5,000 ಮಂದಿ ಬಾಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಗಂಡಸರಲ್ಲಿ ಕೆಲವರು ಸತ್ತಿದ್ದರು, ಕೆಲವರು ಸೆರೆಯಲ್ಲಿ ಕಾಣೆಯಾಗಿದ್ದರು, ಉಳಿದವರು ಜನರಲ್ ಆಂಡರ್ಸ್ ಅವರ ಪೋಲಿಷ್ ಸೇನೆಯಲ್ಲಿ ದೂರದ ರಣರಂಗಗಳಿಗೆ ಹೋಗಿದ್ದರು.

ಈ ಹೆಂಗಸರು ಕೊಲ್ಹಾಪುರ ತಲುಪಿದ ದಾರಿ ಭೀಕರವಾದದ್ದು. 1939ರ ಸೆಪ್ಟೆಂಬರಿನಲ್ಲಿ ಪೋಲೆಂಡನ್ನು ಪಶ್ಚಿಮದಿಂದ ಜರ್ಮನಿ, ಪೂರ್ವದಿಂದ ಸೋವಿಯತ್ ಒಕ್ಕೂಟ ಆಕ್ರಮಿಸಿದವು. 1940ರ ಫೆಬ್ರುವರಿಯಿಂದ ಸೋವಿಯತ್ ಪೊಲೀಸರು ಪೂರ್ವ ಪೋಲೆಂಡಿನ ಕುಟುಂಬಗಳನ್ನು ಮನೆಗಳಿಂದ ಎಬ್ಬಿಸಿ, ಸರಕಿನ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ, ಕಜಾಕಸ್ತಾನಕ್ಕೆ ಸಾಗಿಸಿದರು. ಹೆಂಗಸರು ಕಾಡಿನಲ್ಲಿ ಮರ ಕಡಿದರು, ಸಾಮೂಹಿಕ ಜಮೀನುಗಳಲ್ಲಿ ದುಡಿದರು, ಹಸಿವಿಗೆ ಮತ್ತು ಟೈಫಸ್‌ಗೆ ಮಕ್ಕಳನ್ನು ಕಳೆದುಕೊಂಡರು. 1941ರಲ್ಲಿ ಜರ್ಮನಿ ಸೋವಿಯತ್ ಮೇಲೆಯೇ ತಿರುಗಿಬಿದ್ದಾಗ ಒಪ್ಪಂದವಾಗಿ ಬಿಡುಗಡೆ ಸಿಕ್ಕಿತು. 1942ರಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದವರಲ್ಲಿ ಒಂದು ಪಾಲು ಮುಂದೆ ಕೊಲ್ಹಾಪುರ ಸೇರಿತು.

ಹೀಗೆ ಹೊರಬಂದವರಿಂದ ಪೋಲಿಷ್ ಸೇನೆಯ ಅಧಿಕಾರಿಗಳು ಸಾವಿರಾರು ಹೇಳಿಕೆಗಳನ್ನು ಬರೆಸಿಕೊಂಡಿದ್ದರು. ಅವುಗಳಲ್ಲಿ ಹೆಂಗಸರು ಬರೆದದ್ದನ್ನು ಅಮೆರಿಕದ ಇತಿಹಾಸಕಾರ್ತಿ ಕ್ಯಾಥರೀನ್ ಜೋಲಕ್ ಆಳವಾಗಿ ಅಧ್ಯಯನ ಮಾಡಿದ್ದಾರೆ. ಹಸಿವು, ಚಳಿ, ಮಗುವಿನ ಸಾವು, ಜೈಲಿನಲ್ಲಿ ಬಟ್ಟೆ ಬಿಚ್ಚಿಸಿ ನಡೆಸಿದ ತಪಾಸಣೆಯ ಅವಮಾನ ಅಲ್ಲಿ ಬರುತ್ತದೆ. ಅತ್ಯಾಚಾರದ ಮಾತು ಬಂದಾಗ ಮಾತ್ರ ಬರಹ ತಡವರಿಸುತ್ತದೆ. ತನ್ನ ಮೈಮೇಲೆ ನಡೆದದ್ದನ್ನು ತಾನೇ ಹೇಳಿಕೊಳ್ಳುವವರು ಸಿಗುವುದೇ ವಿರಳ. ಹೆಣ್ಣಿನ ಮೈಗೆ ದೇಶದ ಮಾನವನ್ನು ಗಂಟುಹಾಕಿದ ಸಮಾಜದಲ್ಲಿ ಹಾಗೆ ಹೇಳಿಕೊಂಡವಳು ಎಲ್ಲಿಗೆ ಮರಳಬೇಕು? ಯುದ್ಧ ಮುಗಿದ ಮೇಲೆ ಇವರಿಗೆ ಮರಳಲು ಊರೂ ಉಳಿಯಲಿಲ್ಲ, ಪೂರ್ವ ಪೋಲೆಂಡ್ ಸೋವಿಯತ್ ಪಾಲಾಯಿತು. 1947–48ರ ಹೊತ್ತಿಗೆ ಬ್ರಿಟನ್‌ಗೆ, ಪೂರ್ವ ಆಫ್ರಿಕಕ್ಕೆ, ಇನ್ನೂ ದೂರದ ದೇಶಗಳಿಗೆ ಅವರು ಚದುರಿಹೋದರು.

ಅವರು ಖಾಲಿ ಮಾಡಿದ ಜಾಗಕ್ಕೆ ಸಿಂಧಿಗಳು ಬಂದರು.

ದೇಶ ವಿಭಜನೆಯ ಬೆನ್ನಿಗೆ, 1948ರ ಜನವರಿ 6ರಂದು ಕರಾಚಿಯಲ್ಲಿ ಗಲಭೆ ಭುಗಿಲೆದ್ದ ಮೇಲೆ ಸಿಂಧ್ ಪ್ರಾಂತದ ಹಿಂದೂ ಕುಟುಂಬಗಳು ಹಡಗು ಹತ್ತಿ ಮುಂಬಯಿ ಕಡೆ ಹೊರಟವು. ಅವರಲ್ಲಿ ಒಂದು ಪಾಲಿಗೆ ವಳಿವಡೆಯ ಬ್ಯಾರಕ್ಕುಗಳೇ ಮನೆಯಾದವು, ಶಿಬಿರ ಗಾಂಧಿನಗರವಾಯಿತು. ಪಂಜಾಬಿನಲ್ಲಿ ಹರಿದಷ್ಟು ರಕ್ತ ಸಿಂಧ್‌ನಲ್ಲಿ ಹರಿಯಲಿಲ್ಲ ನಿಜ. ಆದರೆ ಮನೆಯ ಹೆಣ್ಣುಮಕ್ಕಳಿಗೆ ಏನಾದೀತೋ ಎಂಬ ಭಯಕ್ಕೆ ಗಂಟುಮೂಟೆ ಕಟ್ಟಿದ ಮನೆಗಳು ಅಲ್ಲಿಯೂ ಇದ್ದವು.

ದೇಶ ವಿಭಜನೆಯ ಕಾಲದಲ್ಲಿ ಅಪಹರಣಕ್ಕೊಳಗಾದ ಹೆಂಗಸರ ಸಂಖ್ಯೆ ಸರ್ಕಾರಿ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 50,000 ಮುಸ್ಲಿಮರು, ಪಾಕಿಸ್ತಾನದಲ್ಲಿ ಸುಮಾರು 33,000 ಹಿಂದೂಗಳು ಮತ್ತು ಸಿಖ್ಖರು. ಇವರನ್ನು ಹುಡುಕಿ ತರಲು 1947ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಸಮಾಜಸೇವಕಿ ಮೃದುಲಾ ಸಾರಾಭಾಯಿಯಂಥವರು ಹಗಲಿರುಳು ದುಡಿದರು. ಎಂಟೊಂಬತ್ತು ವರ್ಷಗಳಲ್ಲಿ ಸುಮಾರು 30,000 ಹೆಂಗಸರನ್ನು ಎರಡೂ ಕಡೆಯಿಂದ ಹೊರತಂದರು.

ಈ ಕೆಲಸಕ್ಕೆಂದು ಭಾರತ 1949ರಲ್ಲಿ ಮಾಡಿದ ಕಾಯ್ದೆಯನ್ನು ಇಂದು ಓದಿದರೆ ಎದೆ ಝಲ್ಲೆನ್ನುತ್ತದೆ. 1947ರ ಮಾರ್ಚ್ 1ರಿಂದ 1949ರ ಜನವರಿ 1ರೊಳಗೆ ಕುಟುಂಬದಿಂದ ಬೇರೆಯಾಗಿ ಅನ್ಯರ ಮನೆಯಲ್ಲಿರುವ ಮುಸ್ಲಿಂ ವ್ಯಕ್ತಿ 'ಅಪಹೃತ' ಎಂದು ಅದು ಹೇಳುತ್ತದೆ. ಗಂಡಾದರೆ ಹದಿನಾರರೊಳಗಿನ ಹುಡುಗನಾಗಿರಬೇಕು. ಹೆಣ್ಣಾದರೆ ವಯಸ್ಸಿನ ಮಿತಿಯೇ ಇಲ್ಲ. ಆ ಬಳಿಕ ಅವಳಿಗೆ ಹುಟ್ಟಿದ ಮಗುವೂ ಅಪಹೃತವೇ. ನಲವತ್ತರ ಹೆಂಗಸಿಗೂ ನಾಲ್ಕರ ಹುಡುಗನಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿರಲಿಲ್ಲ, 'ನಿನಗೆ ಎಲ್ಲಿರಲು ಇಷ್ಟ?' ಎಂದು ಆಕೆಯನ್ನು ಕೇಳಬೇಕೆಂಬ ಮಾತು ಅದರಲ್ಲಿರಲಿಲ್ಲ. ಹೀಗೆ ವಶಕ್ಕೆ ತೆಗೆದುಕೊಳ್ಳುವುದು ಸಂವಿಧಾನದ 22ನೇ ವಿಧಿ ಹೇಳುವ ಬಂಧನವಲ್ಲ ಎಂದು 1952ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನರಕದಿಂದ ಪಾರಾದೆವೆಂದು ಹೊರಬಂದವರು ಎಷ್ಟೋ ಮಂದಿ. ಬರಲೊಲ್ಲೆವೆಂದು ಅತ್ತವರೂ ಇದ್ದರು. ಹೊಸ ಸಂಸಾರ, ಮಗು, ತವರು ಮತ್ತೆ ಸೇರಿಸಿಕೊಳ್ಳದೆಂಬ ಭಯ ಅವರನ್ನು ಕಟ್ಟಿಹಾಕಿತ್ತು. ಇವರ ಮಾತನ್ನು ಊರ್ವಶಿ ಬುಟಾಲಿಯಾ, ರಿತು ಮೆನನ್ ಮತ್ತು ಕಮಲಾ ಭಸೀನ್ ಪುಸ್ತಕಗಳಲ್ಲಿ ದಾಖಲಿಸಿದ್ದು 1998ರಲ್ಲಿ, ಅಂದರೆ ಅರ್ಧ ಶತಮಾನ ಕಳೆದ ಮೇಲೆ.

ಕನ್ನಡ ನಾಡಿಗೆ ಇದು ಪರರ ಕಥೆಯಲ್ಲ. 1947–48ರಲ್ಲಿ ಹೈದರಾಬಾದ್ ಸಂಸ್ಥಾನದ ಬೀದರ, ಕಲಬುರಗಿ ಕಡೆ ನಿಜಾಮನ ಪರವಾದ ರಜಾಕಾರರ ಹಾವಳಿಗೆ ಹೆದರಿ ಜನ ಊರು ಬಿಟ್ಟಿದ್ದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಜಿಲ್ಲೆಗಳಲ್ಲಿ ಮುಸ್ಲಿಂ ಹೆಂಗಸರ ಮೇಲೆ ನಡೆದ ಅತ್ಯಾಚಾರ, ಅಪಹರಣಗಳನ್ನು ಪಂಡಿತ ಸುಂದರಲಾಲ್ ಸಮಿತಿ ವರದಿ ಮಾಡಿತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಧ್ವಜ ಯಾವುದೇ ಇರಲಿ, ಸೇಡಿನ ಲೆಕ್ಕ ಚುಕ್ತಾ ಆದದ್ದು ಹೆಣ್ಣಿನ ಮೈಮೇಲೆ.

ಯುದ್ಧ ಗಡಿಯಲ್ಲೇ ನಡೆದರೂ ಅದರ ಪೆಟ್ಟು ಮನೆಯೊಳಕ್ಕೆ ಬರುತ್ತದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಕಡೆಯ ಹಳ್ಳಿಗಳ ಯುವಕರಿಗೆ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ ಹತ್ತಿರದ ಕನಸು. ಶಿರೋಳ ತಾಲೂಕಿನ ಟಾಕಳಿಗೆ, ಮನೆ ಮನೆಯಿಂದ ಸೇನೆ ಸೇರಿದವರಿಂದಾಗಿ, 'ಸೈನಿಕ ಟಾಕಳಿ' ಎಂದೇ ಹೆಸರು. ಇಂಥ ಊರಿಗೆ ತ್ರಿವರ್ಣ ಧ್ವಜ ಹೊದ್ದ ಪೆಟ್ಟಿಗೆ ಬಂದಾಗ ಊರೇ ಜೈಕಾರ ಹಾಕುತ್ತಿತ್ತು. ಜನ ಚದುರಿದ ಮೇಲೆ ಅವನ ಹೆಂಡತಿಯ ಸುತ್ತ ರೂಢಿಯ ಕೈಗಳು ಸೇರುತ್ತಿದ್ದವು. ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ಕೀಳುವುದು, ಕಾಲುಂಗುರ ತೆಗೆಯುವುದು. ಬಂದೂಕಿಲ್ಲದ ಈ ಹಿಂಸೆ ರೈತನ ಹೆಂಡತಿಗೂ ತಪ್ಪಿದ್ದಲ್ಲ, ಯೋಧನ ಹೆಂಡತಿಗೂ ತಪ್ಪಿದ್ದಲ್ಲ.

ಇದಕ್ಕೆ ಮೊದಲ ತಡೆ ಬಿದ್ದದ್ದು ಅದೇ ಶಿರೋಳ ತಾಲೂಕಿನ ಹೇರವಾಡದಲ್ಲಿ. ಕೊಲ್ಹಾಪುರದ ರಾಜರ್ಷಿ ಶಾಹು ಮಹಾರಾಜರು ತೀರಿಕೊಂಡು ನೂರು ವರ್ಷ ತುಂಬಿದ 2022ರ ಮೇ ತಿಂಗಳಲ್ಲಿ, ಸುರಗೊಂಡಾ ಪಾಟೀಲರು ಸರಪಂಚರಾಗಿದ್ದ ಗ್ರಾಮ ಪಂಚಾಯಿತಿ ಈ ಎಲ್ಲ ಪದ್ಧತಿಗಳನ್ನು ನಿಲ್ಲಿಸುವ ಠರಾವು ಪಾಸು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ರಾಜ್ಯದ ಎಲ್ಲ ಪಂಚಾಯಿತಿಗಳೂ ಇದನ್ನು ಅನುಸರಿಸಲೆಂದು ಸುತ್ತೋಲೆ ಹೊರಡಿಸಿತು.

ಸೇನೆಯ ನಿಯಮಗಳಲ್ಲೂ ರೂಢಿಯೇ ಕುಳಿತಿತ್ತು. ಶೌರ್ಯ ಪದಕ ಪಡೆದವನ ಹೆಂಡತಿ ಮರುಮದುವೆಯಾದರೆ ಪದಕದ ಭತ್ಯೆ ನಿಲ್ಲುತ್ತಿತ್ತು. ಮೈದುನನನ್ನೋ ಭಾವನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯ ಈ ಷರತ್ತನ್ನು ಕಿತ್ತುಹಾಕಿದ್ದು 2017ರ ನವೆಂಬರಿನಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕುಪ್ವಾರಾದಲ್ಲಿ 2015ರಲ್ಲಿ ಮಡಿದ ಸಾತಾರಾ ಜಿಲ್ಲೆಯ ಕರ್ನಲ್ ಸಂತೋಷ್ ಮಹಾಡಿಕರ ಪತ್ನಿ ಸ್ವಾತಿ ಮಹಾಡಿಕ್ ಚೆನ್ನೈನಲ್ಲಿ ತರಬೇತಿ ಮುಗಿಸಿ ಲೆಫ್ಟಿನೆಂಟ್ ಆಗಿ ಸೇನೆ ಸೇರಿದ್ದರು.

ಜಗತ್ತಿನ ಕಾನೂನು ಕೂಡ ನಿಧಾನವಾಗಿಯೇ ಕಣ್ಣು ತೆರೆಯಿತು. 1949ರ ಜಿನೀವಾ ಒಪ್ಪಂದ ಅತ್ಯಾಚಾರವನ್ನು ಹೆಣ್ಣಿನ ಮಾನದ ಮೇಲಿನ ದಾಳಿಯೆಂದು ಎಣಿಸಿತ್ತು. ರುವಾಂಡಾ ಕುರಿತ ನ್ಯಾಯಮಂಡಳಿ 1998ರಲ್ಲಿ ಅಕಾಯೆಸು ಎಂಬ ಮೇಯರ್‌ನ ಪ್ರಕರಣದಲ್ಲಿ, ಅತ್ಯಾಚಾರವೂ ಜನಾಂಗಹತ್ಯೆಯ ಸಾಧನವಾಗಬಲ್ಲದೆಂದು ತೀರ್ಪಿತ್ತಿತು. ಬೋಸ್ನಿಯಾದ ಫೋಚಾ ಪಟ್ಟಣದಲ್ಲಿ ಹೆಂಗಸರನ್ನು ಕೂಡಿಹಾಕಿ ಹಿಂಸಿಸಿದವರಿಗೆ 2001ರಲ್ಲಿ, ಸಂತ್ರಸ್ತೆಯರ ಸಾಕ್ಷ್ಯದ ಮೇಲೆಯೇ, ಶಿಕ್ಷೆಯಾಯಿತು. ಇಷ್ಟಾದರೂ 2023ರ ಮೇ 4ರಂದು ಮಣಿಪುರದಲ್ಲಿ ಹೆಂಗಸರನ್ನು ಬೆತ್ತಲೆ ಮಾಡಿ ಮೆರವಣಿಗೆ ಮಾಡಿದ್ದು ದೇಶಕ್ಕೆ ತಿಳಿದದ್ದು ಜುಲೈ 19ಕ್ಕೆ, ಅದೂ ವಿಡಿಯೊ ಹರಿದಾಡಿದ್ದರಿಂದ.

ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ವಳಿವಡೆ ಶಿಬಿರದ ಸ್ಮಾರಕ ಸ್ತಂಭವಿದೆ. ವಾರ್ಸಾ ನಗರದಲ್ಲೂ ಕೊಲ್ಹಾಪುರದ ಹೆಸರಿನ ಸ್ಮಾರಕವಿದ್ದು, 2024ರ ಆಗಸ್ಟಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಗೌರವ ಸಲ್ಲಿಸಿದರು. ಆಸರೆ ಕೊಟ್ಟ ನೆಲಕ್ಕೆ ಸಂದ ಕೃತಜ್ಞತೆ ಅದು, ಸಲ್ಲಬೇಕಾದದ್ದೇ. ಆದರೆ ಆಸರೆ ಬೇಡಿ ಬಂದವರ ಅನುಭವ ಕಲ್ಲಿನ ಮೇಲೆ ಬರೆಯುವಂಥದ್ದಲ್ಲ, ಎದುರು ಕುಳಿತು ಕೇಳುವಂಥದ್ದು. ವಿಭಜನೆಯ ಹೊತ್ತಿಗೆ ಹತ್ತು ವರ್ಷವಾಗಿದ್ದ ಸಿಂಧಿ ಹುಡುಗಿಗೆ ಇಂದು ತೊಂಬತ್ತು ಸಮೀಪಿಸಿದೆ. ಗಾಂಧಿನಗರದ ಅಂಥ ಅಜ್ಜಿಯರ ನೆನಪುಗಳನ್ನು ದಾಖಲಿಸಲು ಕೊಲ್ಹಾಪುರದಲ್ಲಿಯೇ ಶಿವಾಜಿ ವಿಶ್ವವಿದ್ಯಾಲಯವಿದೆ, ಮರಾಠಿ ಮತ್ತು ಕನ್ನಡ ಎರಡೂ ಬಲ್ಲ ಯುವಕ ಯುವತಿಯರಿದ್ದಾರೆ. ಕೇಳುವ ಬಗೆ ಹೇಗಿರಬೇಕೆಂಬುದಕ್ಕೆ ನೊಬೆಲ್ ಶಾಂತಿ ಪುರಸ್ಕೃತೆ, ಯಜೀದಿ ಸಮುದಾಯದ ನಾದಿಯಾ ಮುರಾದ್ ಅವರ ಹೆಸರಿನಲ್ಲಿ 2022ರಲ್ಲಿ ಒಂದು ನೀತಿಸಂಹಿತೆಯೇ ಬಂದಿದೆ. ಹೇಳಬೇಕೋ ಬೇಡವೋ, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಧಾರ ನೊಂದವಳದೇ ಆಗಿರಬೇಕು ಎಂಬುದೇ ಅದರ ತಿರುಳು. 1949ರ ಕಾಯ್ದೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಮನೆಗಳಲ್ಲಿ ಈಗಲಾದರೂ ಕೇಳಲು ಇನ್ನು ಉಳಿದಿರುವುದು ಕೆಲವೇ ವರ್ಷ.