ಮೊದಲ ವರುಷದ ಕೀರ್ತಿ, ಮುಂದಿನ ವರುಷಗಳ ಬಾಳು

ಅಮೆರಿಕದ ಜನರಿಗೆ ಬೇಸ್‌ಬಾಲ್ ಆಟದ ಮೇಲಿರುವ ಹುಚ್ಚು, ನಮ್ಮವರಿಗೆ ಕ್ರಿಕೆಟ್ಟಿನ ಮೇಲಿರುವುದಕ್ಕಿಂತ ಕಡಿಮೆಯದೇನೂ ಅಲ್ಲ. ಅಲ್ಲಿ ದೊಡ್ಡ ತಂಡಕ್ಕೆ ಹೊಸದಾಗಿ ಸೇರಿದ ಆಟಗಾರನಿಗೆ 'ರೂಕಿ' ಎಂದು ಹೆಸರು. ಅಂತಹ ಹೊಸಬರಲ್ಲಿ ಅತ್ಯುತ್ತಮನೆನಿಸಿದವನಿಗೆ ಪ್ರತಿವರ್ಷವೂ ಪ್ರಶಸ್ತಿ ಕೊಡುವ ಪದ್ಧತಿ ೧೯೪೭ರಲ್ಲಿ ಆರಂಭವಾಯಿತು. ಮೊದಲನೆಯ ಪ್ರಶಸ್ತಿ ಸಂದುದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಜಾಕಿ ರಾಬಿನ್ಸನ್ನನಿಗೆ. ಬಿಳಿಯರಿಗಷ್ಟೇ ಮೀಸಲಾಗಿದ್ದ ಆ ಮೈದಾನಗಳಿಗೆ ಅನೇಕ ದಶಕಗಳ ತರುವಾಯ ಕಾಲಿಟ್ಟ ಪ್ರಥಮ ಕರಿಯ ಆಟಗಾರನಾತ. ಬೈಗುಳಗಳನ್ನು ನುಂಗಿಕೊಂಡು ಹತ್ತು ವರ್ಷ ಆಡಿದ. ೧೯೮೭ರಲ್ಲಿ ಪ್ರಶಸ್ತಿಗೇ ಅವನ ಹೆಸರನ್ನಿಟ್ಟರು.

ಆದರೆ ಆ ಪ್ರಶಸ್ತಿಯನ್ನು ಪಡೆದವರೆಲ್ಲರ ಮುಂದಿನ ಬಾಳು ಒಂದೇ ತೆರನಾಗಿ ಸಾಗಲಿಲ್ಲ. ಅವರಲ್ಲಿ ಇಬ್ಬರ ವೃತ್ತಾಂತವನ್ನು, ಕೈಕಾಲುಗಳ ಬಲವೊಂದನ್ನೇ ಬಂಡವಾಳವಾಗಿ ನಂಬಿ ಪರಸ್ಥಳದಲ್ಲಿ ನೆಲೆಸಿರುವ ನಮ್ಮ ವಾಚಕರು ಅರಿಯತಕ್ಕದ್ದೆಂದು ನಮಗೆ ತೋರಿದೆ.

ಇಬ್ಬರೂ ಚೆಂಡೆಸೆಯುವವರು, ಆ ಆಟದ ಭಾಷೆಯಲ್ಲಿ 'ಪಿಚರ್'. ನಮ್ಮ ಬೌಲರನು ಆರು ಚೆಂಡುಗಳನ್ನೆಸೆದು ಇನ್ನೊಬ್ಬನಿಗೆ ಒಪ್ಪಿಸಿ ದೂರ ಸರಿಯುತ್ತಾನೆ. ಪಿಚರನಿಗೆ ಆ ಬಿಡುವಿಲ್ಲ. ಒಂದೇ ಪಂದ್ಯದಲ್ಲಿ ನೂರಕ್ಕೂ ಮಿಕ್ಕಿ ಚೆಂಡುಗಳನ್ನು ಭುಜದ ಪೂರ್ಣ ಬಲದಿಂದ ಎಸೆಯಬೇಕಾಗಿ ಬರುವುದುಂಟು. ತಂಡಕ್ಕೆ ವರ್ಷದಲ್ಲಿ ೧೬೨ ಪಂದ್ಯಗಳು. ನಾಲ್ಕೈದು ದಿನಗಳಿಗೊಮ್ಮೆ ಅವನ ಸರದಿ. ಪಂದ್ಯವನ್ನು ಆರಂಭಿಸಿದವನೇ ಕೊನೆಯ ಚೆಂಡಿನವರೆಗೆ ನಿಂತು ಮುಗಿಸುವುದು ಹಿಂದೆ ದೊಡ್ಡ ಹಿರಿಮೆಯೆನಿಸಿತ್ತು. ಆ ಹಿರಿಮೆಯ ಬೆಲೆ ತೆರುವುದು ಭುಜ.

ಮಾರ್ಕ್ ಫಿಡ್ರಿಚ್ ಮೆಸಾಚುಸೆಟ್ಸ್ ಪ್ರಾಂತದ ನಾರ್ತ್‌ಬರೋ ಎಂಬ ಸಣ್ಣ ಊರಿನಲ್ಲಿ ಬೆಳೆದವನು. ೧೯೭೬ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಬಂದಾಗ ೨೧ರ ಪ್ರಾಯ. ನೀಳಕಾಯ, ಕೆದರಿದ ಗುಂಗುರು ಕೂದಲು. ಮಕ್ಕಳ ಟೆಲಿವಿಷನ್ ಕಾರ್ಯಕ್ರಮವೊಂದರ ದೊಡ್ಡ ಹಳದಿ ಹಕ್ಕಿಯನ್ನು ಹೋಲುತ್ತಿದ್ದನಾದ್ದರಿಂದ 'ಹಕ್ಕಿ' ಎಂದೇ ಅಡ್ಡಹೆಸರು ಬಿತ್ತು. ಎಸೆಯುವ ದಿಬ್ಬದ ಮೇಲೆ ಮೊಣಕಾಲೂರಿ ಕುಳಿತು ಬರಿಗೈಯಿಂದ ಮಣ್ಣನ್ನು ಸಮ ಮಾಡುವನು, ಚೆಂಡಿನೊಡನೆ ಮಾತನಾಡುವನು, ಜೊತೆಯವನು ಸೊಗಸಾಗಿ ಚೆಂಡು ಹಿಡಿದರೆ ಆಟದ ನಡುವೆಯೇ ಹೋಗಿ ಕೈಕುಲುಕುವನು. ಇದು ನಾಟಕವೆಂದು ಕೆಲವರು ಶಂಕಿಸಿದರು. ಹುಡುಗನ ಸ್ವಭಾವವೇ ಹಾಗೆಂದು ಬೇಗನೆ ತಿಳಿಯಿತು. ಜೂನ್ ೨೮ರ ರಾತ್ರಿ ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು ೫–೧ರಿಂದ ಸೋಲಿಸಿದ್ದನ್ನು ಟೆಲಿವಿಷನ್ನಿನಲ್ಲಿ ಇಡೀ ದೇಶವೇ ನೋಡಿತು. ಆಟ ಮುಗಿದರೂ ಜನ ಮನೆಗೆ ಹೊರಡಲಿಲ್ಲ. ಆತ ಪುನಃ ಹೊರಬಂದು ಮುಖ ತೋರಿಸುವ ತನಕ ಕೂಗುತ್ತಲೇ ಇದ್ದರು.

ಆ ವರ್ಷ ೧೯ ಗೆಲುವು, ೯ ಸೋಲು. ೨೯ ಪಂದ್ಯಗಳನ್ನು ಆರಂಭಿಸಿ ೨೪ನ್ನು ತಾನೊಬ್ಬನೇ ಮುಗಿಸಿದ. ಅವನು ಎಸೆಯುವ ದಿನ ಮೈದಾನ ಕಿಕ್ಕಿರಿಯುತ್ತಿತ್ತು; ಸಂಬಳವೋ, ಹೊಸಬರಿಗೆ ಸಲ್ಲುವ ಕನಿಷ್ಠ ದರದ್ದು. ಹೋಟೆಲಿನ ಗಲ್ಲೆಯ ಮೇಲೆ ವರ್ಷಗಟ್ಟಲೆ ಕುಳಿತ ನಮಗೆ ಇದು ಅಪರಿಚಿತ ಲೆಕ್ಕವೇನಲ್ಲ. ಹೊಸ ಮಾಣಿ ಚುರುಕಾಗಿದ್ದನೆಂದರೆ ಆರು ಮೇಜಿನ ಗಿರಾಕಿಗಳೂ ಅವನನ್ನೇ ಕರೆಯುತ್ತಾರೆ; ರಾತ್ರಿ ಅವನ ಕಾಲು ಊದಿಕೊಂಡದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂದು ಪಿಚರನು ಎಸೆದ ಒಂದೊಂದು ಚೆಂಡನ್ನೂ ಎಣಿಸಿ, ಲೆಕ್ಕ ಮೀರುವ ಮೊದಲೇ ಅವನನ್ನು ಒಳಗೆ ಕರೆಸಿಕೊಳ್ಳುತ್ತಾರೆ. ಆಗ ಹಾಗೆ ಎಣಿಸುವ ವಾಡಿಕೆ ಇರಲಿಲ್ಲ.

ಮರುವರ್ಷ ಆಟದ ಕಾಲ ಆರಂಭವಾಗುವ ಮುನ್ನವೇ ಅಭ್ಯಾಸದಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ಗುಣವಾಗಿ ಬಂದ ಕೆಲವೇ ವಾರಗಳಲ್ಲಿ ಭುಜ ಸೋತಿತು. ವಿಶ್ರಾಂತಿ, ಔಷಧ, ಪುನಃ ಪ್ರಯತ್ನ. ೧೯೮೦ಕ್ಕೆ ದೊಡ್ಡ ತಂಡದ ಆಟ ಮುಗಿಯಿತು. ಒಟ್ಟು ೨೯ ಗೆಲುವುಗಳು, ಅವುಗಳಲ್ಲಿ ೧೯ ಮೊದಲ ವರ್ಷದವು. ಭುಜದ ಸ್ನಾಯು ಹರಿದಿದೆಯೆಂಬುದನ್ನು ವೈದ್ಯರೊಬ್ಬರು ಕಂಡುಹಿಡಿದದ್ದು ೧೯೮೫ರಲ್ಲಿ! ಎಂಟು ವರ್ಷ ಆ ಮನುಷ್ಯ ತನ್ನ ಕೈಗೆ ಏನಾಗಿದೆಯೆಂಬುದನ್ನೇ ಅರಿಯದೆ ಹೆಣಗಿದ್ದ.

ಆಮೇಲೆ ಫಿಡ್ರಿಚ್ ತನ್ನ ಊರಿಗೆ ಮರಳಿ ಹೊಲ ಮಾಡಿದ. ಮಣ್ಣು, ಜಲ್ಲಿ ಸಾಗಿಸುವ ಲಾರಿಯೊಂದನ್ನಿಟ್ಟುಕೊಂಡು ತಾನೇ ಓಡಿಸಿದ. ಅತ್ತೆಯವರು ನಡೆಸುತ್ತಿದ್ದ ರಸ್ತೆಬದಿಯ ಉಪಾಹಾರಗೃಹದಲ್ಲಿಯೂ ಕೈಗೂಡಿಸುತ್ತಿದ್ದ. ಹೋಟೆಲು ಕೆಲಸವನ್ನು ಕೀಳೆಂದು ಬಗೆಯುವ ಮಿತ್ರರು ಕೆಲವರು ನಮ್ಮಲ್ಲಿಯೂ ಇದ್ದಾರಾಗಿ ಈ ಸಂಗತಿಯನ್ನು ಬೇಕೆಂದೇ ಬರೆದಿದ್ದೇವೆ. ೨೦೦೯ರ ಏಪ್ರಿಲ್ ೧೩ರಂದು, ಲಾರಿಯ ಅಡಿಯಲ್ಲಿ ಮಲಗಿ ದುರಸ್ತಿ ಮಾಡುತ್ತಿದ್ದಾಗ, ತಿರುಗುತ್ತಿದ್ದ ಯಂತ್ರಕ್ಕೆ ಬಟ್ಟೆ ಸಿಕ್ಕಿ ಉಸಿರುಗಟ್ಟಿ ತೀರಿಕೊಂಡ. ವಯಸ್ಸು ೫೪.

ಎರಡನೆಯವನು ವಲಸೆಗಾರ. ಮೆಕ್ಸಿಕೋ ದೇಶದ ಸೊನೋರಾ ಪ್ರಾಂತದ ಕುಗ್ರಾಮವೊಂದರಲ್ಲಿ ಹನ್ನೆರಡು ಮಕ್ಕಳಲ್ಲಿ ಕೊನೆಯವನಾಗಿ ೧೯೬೦ರಲ್ಲಿ ಹುಟ್ಟಿದ ಫರ್ನಾಂಡೋ ವೆಲೆನ್ಸುವೇಲ. ಆಟಗಾರರನ್ನು ಹುಡುಕುವ ಡಾಡ್ಜರ್ಸ್ ತಂಡದವರೊಬ್ಬರು ಬೇರೊಬ್ಬ ಹುಡುಗನನ್ನು ನೋಡಲು ಹೋಗಿ ಇವನ ಎಡಗೈಯನ್ನು ಕಂಡರು. ಲಾಸ್ ಏಂಜಲೀಸಿಗೆ ಬಂದಾಗ ಅವನಿಗೆ ಇಂಗ್ಲಿಷ್ ಬಾರದು. ತಂಡದ ಸ್ಪಾನಿಷ್ ರೇಡಿಯೋ ವರದಿಗಾರ ಹೈಮೆ ಹರೀನ್ ಪಕ್ಕದಲ್ಲಿ ಕುಳಿತು ಪತ್ರಕರ್ತರ ಪ್ರಶ್ನೆಗಳಿಗೆ ದುಭಾಷಿಯಾದರು.

ಇಲ್ಲಿ ಆ ಊರಿನ ಹಿಂದಣ ಕಥೆಯೊಂದನ್ನು ಹೇಳಲೇಬೇಕು. ಡಾಡ್ಜರ್ಸ್ ತಂಡದ ಕ್ರೀಡಾಂಗಣವಿರುವ ಬೆಟ್ಟದ ತಪ್ಪಲಿನಲ್ಲಿ ಮೊದಲು ಮೆಕ್ಸಿಕನ್ ಮೂಲದ ಕುಟುಂಬಗಳ ಕೇರಿಗಳಿದ್ದವು. ಬಡವರಿಗೆ ಸರಕಾರಿ ಮನೆ ಕಟ್ಟಿಸುವೆವೆಂದು ಅವರನ್ನು ೧೯೫೦ರ ದಶಕದಲ್ಲಿ ಎಬ್ಬಿಸಿದರು. ಆ ಮನೆಗಳು ಏಳಲೇ ಇಲ್ಲ. ಬಿಡದೆ ಉಳಿದ ಕೊನೆಯವರನ್ನು ೧೯೫೯ರಲ್ಲಿ ಅಧಿಕಾರಿಗಳು ಎತ್ತಿ ಹೊರಹಾಕಿದರು. ೧೯೬೨ರಲ್ಲಿ ಅಲ್ಲಿ ಕ್ರೀಡಾಂಗಣ ತೆರೆಯಿತು. ಆ ನೆಲವನ್ನು ಮೆಟ್ಟಲೊಲ್ಲೆವೆಂದ ಮನೆಗಳು ಊರಿನಲ್ಲಿ ಬಹಳವಿದ್ದವು.

೧೯೮೧ರ ಮೊದಲ ಪಂದ್ಯದ ದಿನ, ಎಸೆಯಬೇಕಾಗಿದ್ದ ಹಿರಿಯನಿಗೆ ಗಾಯವಾಗಿ ೨೦ರ ಹುಡುಗನಿಗೆ ಚೆಂಡು ಸಿಕ್ಕಿತು. ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಗೆದ್ದ. ಮೊದಲ ಎಂಟು ಪಂದ್ಯಗಳಲ್ಲಿ ಎಂಟೂ ಗೆಲುವು. ಐದರಲ್ಲಿ ಎದುರಾಳಿಗಳದು ಶೂನ್ಯ. ಮುನಿದು ದೂರವಿದ್ದ ಮನೆಗಳವರು ಸಹ ಮಕ್ಕಳು ಮರಿಗಳೊಡನೆ ಆ ಬೆಟ್ಟವನ್ನೇರಿದರು. ವರ್ಷಾಂತ್ಯಕ್ಕೆ ಹೊಸಬರ ಪ್ರಶಸ್ತಿಯೂ, ಅತ್ಯುತ್ತಮ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯೂ ಒಟ್ಟಿಗೇ ಬಂದವು. ಎರಡನ್ನೂ ಒಂದೇ ವರ್ಷ ಪಡೆದವರು ಬೇರೆ ಯಾರೂ ಇಲ್ಲ.

ಈತ ಫಿಡ್ರಿಚ್‌ನಷ್ಟು ಮುಗ್ಧನಾಗಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ತನ್ನ ಹೆಸರಿನಿಂದ ಎಷ್ಟು ಟಿಕೆಟು ಮಾರುತ್ತದೆಂಬುದನ್ನು ಬಲ್ಲವನಾಗಿ, ೧೯೮೨ರಲ್ಲಿ ಹೆಚ್ಚು ಸಂಬಳ ಕೇಳಿ ಅಭ್ಯಾಸ ಶಿಬಿರಕ್ಕೆ ಹೋಗದೆ ಕುಳಿತ. ೧೯೮೩ರಲ್ಲಿ ಪಂಚಾಯಿತಿಯ ತೀರ್ಪಿನಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರು ಪಡೆದ. ಹಾಗೆ ತೀರ್ಪಿನ ಮೂಲಕ ಅಷ್ಟು ಮೊತ್ತ ಪಡೆದವರಲ್ಲಿ ಆತನೇ ಮೊದಲಿಗ. ಆದರೆ ಭುಜಕ್ಕೆ ತೀರ್ಪು ಅನ್ವಯಿಸುವುದಿಲ್ಲವಷ್ಟೆ! ೧೯೮೬ರಲ್ಲಿ ೨೧ ಗೆಲುವುಗಳನ್ನು ತಂದ ಕೈ ೧೯೮೮ರಲ್ಲಿ ನೋವಿಗೆ ಶರಣಾಯಿತು. ೧೯೯೦ರ ಜೂನ್ ೨೯ರಂದು ಎದುರಾಳಿಗಳಿಗೆ ಒಂದೇ ಒಂದು ಸರಿಯಾದ ಹೊಡೆತವನ್ನೂ ಕೊಡದೆ ಪಂದ್ಯ ಮುಗಿಸಿದವನನ್ನು, ಮರುವರ್ಷ ಆಟಗಳು ಆರಂಭವಾಗುವ ಮುನ್ನ ತಂಡದವರು ಕೈಬಿಟ್ಟರು. ಬಳಿಕ ೧೯೯೭ರವರೆಗೆ ಹಲವು ತಂಡಗಳಲ್ಲಿ, ನಡುವೆ ಮೆಕ್ಸಿಕೋದಲ್ಲಿಯೂ, ಎಸೆದ. ಒಟ್ಟು ಗೆಲುವುಗಳು ೧೭೩.

೨೦೦೩ರಲ್ಲಿ ಅದೇ ಡಾಡ್ಜರ್ಸ್ ತಂಡದ ಸ್ಪಾನಿಷ್ ರೇಡಿಯೋದಲ್ಲಿ ಆಟದ ವಿವರಣೆ ಹೇಳುವ ಕೆಲಸಕ್ಕೆ ಆತ ಸೇರಿದ. ಹಿಂದೆ ದುಭಾಷಿಯಾಗಿದ್ದ ಹರೀನ್ ಈಗ ಸಹೋದ್ಯೋಗಿ. ಈ ಬಾರಿ ಅವನ ಮಾತನ್ನು ಯಾರೂ ಬೇರೊಂದು ಭಾಷೆಗೆ ತಿರುಗಿಸಬೇಕಾಗಿರಲಿಲ್ಲ. ೨೦೨೩ರಲ್ಲಿ ಅವನು ತೊಡುತ್ತಿದ್ದ ೩೪ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡತಕ್ಕದ್ದಲ್ಲವೆಂದು ತಂಡ ನಿಶ್ಚಯಿಸಿತು. ೨೦೨೪ರ ಅಕ್ಟೋಬರ್ ೨೨ರಂದು ೬೩ರ ವಯಸ್ಸಿನಲ್ಲಿ ವೆಲೆನ್ಸುವೇಲ ತೀರಿಕೊಂಡ. ಮೂರು ದಿನಗಳ ತರುವಾಯ ಆರಂಭವಾದ ವರ್ಷದ ಅಂತಿಮ ಸರಣಿಯಲ್ಲಿ ಆಟಗಾರರು ತೋಳಿನ ಮೇಲೆ ಅವನ ಹೆಸರನ್ನೂ ಸಂಖ್ಯೆಯನ್ನೂ ಧರಿಸಿ ಆಡಿ ಗೆದ್ದರು. ವಿಜಯದ ಮೆರವಣಿಗೆ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಹೊರಟದ್ದು ನವೆಂಬರ್ ೧ರಂದು. ಅದು ಅವನ ಹುಟ್ಟಿದ ದಿನ.