ಬಂಟ್ವಾಳದ ಕಡವಿನಿಂದ ಕಡಲಾಚೆಗೆ: ಸರಕು ಸಾಗಣೆಯ ಮರ್ಮ

1801ನೆಯ ಇಸವಿಯ ಆದಿಭಾಗದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯನೂ ಸಸ್ಯವಿಜ್ಞಾನಿಯೂ ಆಗಿದ್ದ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ನೇತ್ರಾವತಿಯ ಕಣಿವೆಯನ್ನು ಹಿಡಿದು ಮೂಡಲಿಗೆ ನಡೆದನು. ಬಂಟ್ವಾಳದ ಸೀಮೆ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಇವುಗಳನ್ನು ಹಾದು ಅವನು ಕಾರ್ಕಳವನ್ನು ಸೇರಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಬೆಳೆ, ಭೂಮಿಗಳೊಡನೆ ವ್ಯಾಪಾರದ ವಿವರಗಳೂ ತುಂಬಿವೆ. ಅದು ಸಹಜವೇ. ಯಾವ ನಾಡಿನ ಸಂಪತ್ತನ್ನಾದರೂ ಅಳೆಯಬೇಕಾದರೆ ಅಲ್ಲಿ ಏನು ಬೆಳೆಯುತ್ತದೆ ಎಂಬುದನ್ನು ತಿಳಿದರೆ ಸಾಲದು; ಬೆಳೆದದ್ದು ಎಷ್ಟು ಖರ್ಚಿನಲ್ಲಿ ಎಲ್ಲಿಗೆ ಹೋಗಿ ಮುಟ್ಟೀತು ಎಂಬುದನ್ನೂ ತಿಳಿಯಬೇಕಾಗುತ್ತದೆ.

ಬಂಟ್ವಾಳವು ಪೇಟೆಯಾಗಿ ಬೆಳೆದುದಕ್ಕೆ ಈ ಸಾಗಣೆಯೇ ಕಾರಣ. ಘಟ್ಟದ ಮೇಲಿನಿಂದ ಇಳಿದುಬಂದ ಕಾಫಿ ಮೊದಲಾದ ಸರಕುಗಳು ಎತ್ತಿನ ಗಾಡಿಯಿಂದ ದೋಣಿಗೆ ಏರುತ್ತಿದ್ದುದು ಇಲ್ಲಿ. ಮಂಗಳೂರಿನಿಂದ ನದಿಯಲ್ಲಿ ಬಂದ ಉಪ್ಪು, ಒಣಮೀನುಗಳು ದೋಣಿಯಿಂದ ಗಾಡಿಗೆ ಇಳಿಯುತ್ತಿದ್ದುದೂ ಇಲ್ಲಿಯೇ. ಸರಕು ಒಂದು ವಾಹನವನ್ನು ಬಿಟ್ಟು ಮತ್ತೊಂದನ್ನು ಏರುವ ತಾಣದಲ್ಲಿ ಹಮಾಲಿ ಬೇಕು, ಉಗ್ರಾಣ ಬೇಕು, ಸಾಲ ಕೊಡುವ ಸಾಹುಕಾರ ಬೇಕು. ಹೀಗೆ ಕಡವಿನ ಬಳಿ ಊರು ಕೂಡಿಬರುತ್ತದೆ.

ನೀರಿನ ದಾರಿ ಏಕೆ ಅಗ್ಗ?

ಗಾಡಿಗಿಂತ ದೋಣಿಯೇ ಅಗ್ಗವಾಗಲು ಏನು ಕಾರಣ? ಗಾಡಿಯ ಮೇಲಿನ ಭಾರವನ್ನು ಅಚ್ಚು, ಗಾಲಿ, ನೆಲ ಇವು ಹೊರಬೇಕು. ದೋಣಿಯ ಭಾರವನ್ನು ನೀರೇ ಎತ್ತಿ ಹಿಡಿಯುತ್ತದೆ. ದೋಣಿಯು ತನ್ನ ಒಟ್ಟು ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸುವವರೆಗೆ ಮುಳುಗಿ, ಅನಂತರ ತೇಲುತ್ತದೆ. ಇದು ಆರ್ಕಿಮಿಡೀಸನ ತತ್ತ್ವ. ಅದನ್ನು ಮುಂದಕ್ಕೆ ತಳ್ಳುವಾಗ ಎದುರಾಗುವುದು ನೀರಿನ ತಡೆ ಮಾತ್ರ. ವೇಗವು ಮಂದವಾಗಿದ್ದರೆ ಆ ತಡೆಯೂ ಅತ್ಯಲ್ಪ.

ಏರುದಾರಿಯ ಲೆಕ್ಕವನ್ನು ನೋಡೋಣ. ಹದಿನೈದು ಮೀಟರಿಗೆ ಒಂದು ಮೀಟರಿನಂತೆ ಏರುವ ರಸ್ತೆಯಲ್ಲಿ, ಪ್ರತಿಯೊಂದು ಟನ್ನಿಗೂ ಸುಮಾರು 67 ಕಿಲೋಗ್ರಾಂ ತೂಕದಷ್ಟು ಬಲವನ್ನು ಏರಿಕೆಗೆಂದೇ ಪ್ರಯೋಗಿಸಬೇಕು. ನಿಧಾನವಾಗಿ ಸಾಗುವ ಹಡಗಿಗಾದರೋ ಟನ್ನಿಗೆ ಒಂದೆರಡು ಕಿಲೋಗ್ರಾಂ ತೂಕದಷ್ಟು ಬಲ ಸಾಕಾಗುತ್ತದೆ. ಬೆಳ್ತಂಗಡಿಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನು ಏರುವ ಲಾರಿಯ ನರಳಾಟದ ಅರ್ಥ ಇದೇ. ಘಾಟಿಯ ದಾರಿಗೆ ಇನ್ನೊಂದು ಭಯವೂ ಉಂಟು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು ಸಂಚಾರವೇ ನಿಂತುಹೋಯಿತು.

ಆದರೆ ನೀರಿನ ಈ ಔದಾರ್ಯವು ವೇಗವನ್ನು ಸಹಿಸದು. ಹಡಗಿನ ಎದುರಿನ ತಡೆಯು ಸ್ಥೂಲವಾಗಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವನ್ನು ಇಮ್ಮಡಿಗೊಳಿಸಿದರೆ ಎಂಜಿನ್ನಿನ ಶಕ್ತಿಯು ಎಂಟು ಮಡಿಯಾಗಬೇಕು. ಪ್ರಯಾಣದ ಕಾಲ ಅರ್ಧಕ್ಕೆ ಇಳಿದರೂ ಅದೇ ದೂರಕ್ಕೆ ನಾಲ್ಕು ಮಡಿ ಎಣ್ಣೆ ಉರಿಯುತ್ತದೆ. ಎಣ್ಣೆಯ ಬೆಲೆ ಏರಿದಾಗ ಹಡಗಿನ ಒಡೆಯರು ವೇಗವನ್ನು ತಗ್ಗಿಸುವುದು ಈ ಕಾರಣದಿಂದಲೇ.

ಹಡಗಿನ ಪಕ್ಕದ ಗೆರೆಗಳು

ನೇತ್ರಾವತಿಯ ನೀರು ಸಿಹಿ, ಕಡಲಿನದು ಉಪ್ಪು. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು ಎರಡೂವರೆಯಷ್ಟು ಹೆಚ್ಚು ಸಾಂದ್ರವಾಗಿದೆ. ಆದ್ದರಿಂದ ಬಂಟ್ವಾಳದ ಸಿಹಿನೀರಿನಲ್ಲಿ 60 ಸೆಂಟಿಮೀಟರು ಮುಳುಗಿದ್ದ ತುಂಬಿದ ದೋಣಿಯು ಕಡಲಿಗೆ ಇಳಿದೊಡನೆ ಸುಮಾರು ಒಂದೂವರೆ ಸೆಂಟಿಮೀಟರು ಮೇಲೇಳುತ್ತದೆ. ಹತ್ತು ಮೀಟರು ಮುಳುಗುವ ದೊಡ್ಡ ಹಡಗಿನಲ್ಲಿ ಈ ವ್ಯತ್ಯಾಸವು ಕಾಲು ಮೀಟರಿನಷ್ಟಾಗುತ್ತದೆ. ಹಡಗಿನ ಪಕ್ಕದಲ್ಲಿ ಸಿಹಿನೀರಿಗೆ, ಉಪ್ಪುನೀರಿಗೆ, ಬೇಸಿಗೆಗೆ, ಚಳಿಗಾಲಕ್ಕೆ ಎಂದು ಬೇರೆ ಬೇರೆ ಗೆರೆಗಳನ್ನು ಬರೆದಿರುವುದನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ಆ ಗೆರೆ ನೀರಿನಲ್ಲಿ ಮುಳುಗುವಷ್ಟು ಸರಕನ್ನು ತುಂಬಕೂಡದು.

ಈ ಗೆರೆಯು ಅನಾಯಾಸವಾಗಿ ಬಂದುದಲ್ಲ. ಲಾಭದಾಸೆಯಿಂದ ಮಿತಿಮೀರಿ ತುಂಬಿದ ಹಡಗುಗಳೊಡನೆ ನಾವಿಕರು ಮುಳುಗಿ ಸಾಯುತ್ತಿದ್ದುದನ್ನು ಕಂಡು ಮರುಗಿದ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲನ ಹೋರಾಟದಿಂದ 1876ರಲ್ಲಿ ಅದು ಕಾನೂನಾಯಿತು. ಗೆರೆ ಎಲ್ಲಿರಬೇಕೆಂಬುದನ್ನು ಒಡೆಯನ ಇಚ್ಛೆಗೆ ಬಿಡದೆ ಕಾನೂನೇ ನಿಗದಿಮಾಡಲು 1890ರವರೆಗೆ ಕಾಯಬೇಕಾಯಿತು.

ಹಳೆಯ ಬಂದರು, ಹೊಸ ಬಂದರು

ನೇತ್ರಾವತಿಯೂ ಗುರುಪುರ ನದಿಯೂ ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವು ಕಟ್ಟಿಕೊಳ್ಳುತ್ತದೆ. ದೊಡ್ಡ ಹಡಗುಗಳು ಮಂಗಳೂರಿನ ಹಳೆಯ ಬಂದರನ್ನು ಹೊಗಲಾರದೆ ದೂರದಲ್ಲಿ ಲಂಗರು ಹಾಕುತ್ತಿದ್ದವು. ಕಾಫಿ, ಗೇರುಬೀಜ, 1865ರಲ್ಲಿ ಬಾಸೆಲ್ ಮಿಷನ್ನಿನವರು ತೊಡಗಿಸಿದ ಉದ್ಯಮದ ಹಂಚು, ಎಲ್ಲವೂ ದೋಣಿಗಳಲ್ಲಿ ಹೋಗಿ ಹಡಗನ್ನು ಏರಬೇಕಾಗಿತ್ತು. ಮಳೆಗಾಲದಲ್ಲಿ ಆ ಕೆಲಸವೂ ನಿಲ್ಲುತ್ತಿತ್ತು. ಪಣಂಬೂರಿನಲ್ಲಿ ನೆಲವನ್ನು ಅಗೆದು ನಿರ್ಮಿಸಿದ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಹಾಸನ–ಮಂಗಳೂರು ರೈಲುಮಾರ್ಗವು 1979ರಲ್ಲಿ ಪೂರ್ಣಗೊಂಡಿತು. ಬಂಟ್ವಾಳದ ಕಡವಿನ ಕೆಲಸವನ್ನು ಲಾರಿಗಳೂ ರೈಲೂ ಹಂಚಿಕೊಂಡವು. ಕೆಳಗಡೆ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗೆಂದು ಕಟ್ಟಿದ ಅಣೆಕಟ್ಟು ಈಗ ನದಿಗೆ ಅಡ್ಡವಾಗಿ ನಿಂತಿದೆ.

ಪೆಟ್ಟಿಗೆಯ ಮಹಿಮೆ

ಹಿಂದೆ ಹಡಗು ಯಾನದ ಕಾಲದ ಬಹುಭಾಗವನ್ನು ಬಂದರಿನಲ್ಲಿಯೇ ಕಳೆಯುತ್ತಿತ್ತು. ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ತುಂಬಬೇಕಾಗಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಉದ್ಯಮಿ ಮಾಲ್ಕಂ ಮೆಕ್‌ಲೀನನು 58 ದೊಡ್ಡ ಲೋಹದ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ ನೂವರ್ಕಿನಿಂದ ಹೂಸ್ಟನ್ನಿಗೆ ಕಳುಹಿಸಿದನು. ಟನ್ನಿಗೆ ಆರು ಡಾಲರಿನಷ್ಟು ತಗಲುತ್ತಿದ್ದ ತುಂಬುವ ಖರ್ಚು ಸುಮಾರು 16 ಸೆಂಟಿಗೆ ಇಳಿಯಿತು!

ಈ ಕಂಟೇನರಿನ ಗುಟ್ಟು ಅದರ ಮೂಲೆಗಳಲ್ಲಿದೆ. ಎಂಟು ಮೂಲೆಗಳಲ್ಲಿ ರಂಧ್ರಗಳುಳ್ಳ ಉಕ್ಕಿನ ಗಟ್ಟಿಗಳಿರುತ್ತವೆ. ಕ್ರೇನು ಹಿಡಿಯುವುದೂ, ಲಾರಿಗೆ ಬಿಗಿಯುವುದೂ, ಒಂದರ ಮೇಲೊಂದನ್ನು ಪೇರಿಸಿ ಬಂಧಿಸುವುದೂ ಅವುಗಳಿಂದಲೇ. ಮೇಲಿನ ಭಾರವು ಮೂಲೆಕಂಬಗಳ ಮೂಲಕ ಕೆಳಕ್ಕೆ ಇಳಿಯುವುದರಿಂದ ಗೋಡೆಗಳು ತೆಳ್ಳಗಿದ್ದರೂ ನಡೆಯುತ್ತದೆ. ಅಳತೆಗಳು ಜಗತ್ತಿಗೆಲ್ಲ ಒಂದೇ ಆದುದರಿಂದ ಪಣಂಬೂರಿನಲ್ಲಿ ಎತ್ತಿದ ಪೆಟ್ಟಿಗೆಯನ್ನು ಕೊಲಂಬೊದಲ್ಲಿ ದೊಡ್ಡ ಹಡಗಿಗೆ ಬದಲಾಯಿಸಿ, ರಾಟರ್ಡ್ಯಾಮಿನಲ್ಲಿ ಇಳಿಸುವವರೆಗೆ ಒಳಗಿನ ಸರಕನ್ನು ಯಾರೂ ಮುಟ್ಟಬೇಕಾಗಿಲ್ಲ.

ಮೂಡುಬಿದಿರೆಯ ಗೇರುಬೀಜದ ಲೆಕ್ಕ

ಮೂಡುಬಿದಿರೆ, ಕಾರ್ಕಳಗಳ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಅನೇಕ ಹೆಂಗಸರ ಜೀವನೋಪಾಯವಿದೆ. ಆಫ್ರಿಕದಿಂದ ಹಡಗಿನಲ್ಲಿ ಹಸಿಬೀಜ ಬರುತ್ತದೆ. ತಿರುಳು ಹಡಗಿನಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಹಡಗಿನ ಬಾಡಿಗೆಯು ಹೀಗೆ ಎರಡು ಬಾರಿ ಈ ಉದ್ಯಮವನ್ನು ತಟ್ಟುತ್ತದೆ.

ಇಪ್ಪತ್ತಡಿಯ ಕಂಟೇನರಿನಲ್ಲಿ ವಾಡಿಕೆಯಂತೆ 700 ರಟ್ಟಿನ ಪೆಟ್ಟಿಗೆಗಳು ಹಿಡಿಯುತ್ತವೆ. ಒಂದೊಂದರಲ್ಲಿ 50 ಪೌಂಡು, ಅಂದರೆ 22.68 ಕಿಲೋಗ್ರಾಂ ತಿರುಳು. ಒಟ್ಟು 15,876 ಕಿಲೋಗ್ರಾಂ. ಬಾಡಿಗೆಯು ಒಂದು ಲಕ್ಷ ರೂಪಾಯಿ ಎಂದು ಊಹಿಸಿಕೊಳ್ಳೋಣ. ಕಿಲೋವಿಗೆ ಆರೂಕಾಲು ರೂಪಾಯಿಯಷ್ಟು ಬಿದ್ದಿತು. ನೂರಾರು ರೂಪಾಯಿ ಬೆಲೆಬಾಳುವ ತಿರುಳಿಗೆ ಇದು ಹೊರೆಯಲ್ಲ. ಅದೇ ಪೆಟ್ಟಿಗೆಯಲ್ಲಿ ತಲಾ ಎರಡೂವರೆ ಕಿಲೋ ತೂಗುವ ಹಂಚುಗಳನ್ನು 20 ಟನ್ ತುಂಬಿದರೆ 8,000 ಹಂಚುಗಳಾದವು. ಹಂಚೊಂದಕ್ಕೆ ಹನ್ನೆರಡೂವರೆ ರೂಪಾಯಿ! ಬೆಲೆಗೆ ಹೋಲಿಸಿದರೆ ಹಂಚಿನ ಮೇಲೆ ಬೀಳುವ ಹೊರೆಯೇ ಬಹಳ ದೊಡ್ಡದು.

ಆದರೆ ಬಾಡಿಗೆ ಸ್ಥಿರವಲ್ಲ. 2021ರಲ್ಲಿ ಪೆಟ್ಟಿಗೆಗಳ ಅಭಾವದಿಂದ ಜಗತ್ತಿನ ಅನೇಕ ಮಾರ್ಗಗಳಲ್ಲಿ ಅದು ಹಲವು ಮಡಿಯಾಯಿತು. ಅದೇ ವರ್ಷ ಮಾರ್ಚ್ 23ರಂದು 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿಯನ್ನು ಮುಚ್ಚಿತು. ಆಮೇಲೆ ಅದರ ಒಡೆಯರು ಒಂದು ಪುರಾತನ ನ್ಯಾಯವನ್ನು ಮುಂದಿಟ್ಟರು. ಇಡೀ ಯಾನವನ್ನು ಅಪಾಯದಿಂದ ಪಾರುಮಾಡಲು ತಗಲಿದ ಖರ್ಚನ್ನು ಹಡಗಿನಲ್ಲಿ ಸರಕಿದ್ದ ಎಲ್ಲರೂ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕೆಂಬುದು ಅದರ ಸಾರ. ತಪ್ಪು ಮಾಡದವನ ಸರಕೂ ಜಾಮೀನು ಕೊಡುವವರೆಗೆ ಕೈಸೇರದು. ವಿಮೆ ಇಲ್ಲದ ಸಣ್ಣ ವ್ಯಾಪಾರಿಯ ಗತಿಯೇನು?

ಕಾಗದಗಳ ಭಾಷೆ

ಆದುದರಿಂದ ಸರಕಿನೊಡನೆ ಸಾಗುವ ಕಾಗದಗಳನ್ನು ಓದಲು ಕಲಿಯಬೇಕು. ಬಿಲ್ ಆಫ್ ಲೇಡಿಂಗ್ ಎಂಬುದು ಸರಕು ಪಡೆದುದಕ್ಕೆ ರಸೀತಿ, ಸಾಗಿಸುವ ಕರಾರಿಗೆ ಸಾಕ್ಷಿ, ಸರಕಿನ ಒಡೆತನದ ಪತ್ರ, ಮೂರೂ ಹೌದು. ಮೂಲಪ್ರತಿ ಯಾರ ಕೈಯಲ್ಲಿದೆಯೋ ಸರಕು ಅವರದು. ಎಫ್.ಓ.ಬಿ. ಎಂದು ಬೆಲೆ ಹೇಳಿದರೆ ಸರಕನ್ನು ಹಡಗಿಗೆ ಏರಿಸುವವರೆಗಿನ ಹೊಣೆ ಮಾತ್ರ ಮಾರುವವನದು. ಸಿ.ಐ.ಎಫ್. ಎಂದರೆ ಬಾಡಿಗೆಯನ್ನೂ ವಿಮೆಯನ್ನೂ ಅವನೇ ತೆರಬೇಕು. ಬಾಡಿಗೆ ಏರುವ ಕಾಲದಲ್ಲಿ ಈ ಮೂರಕ್ಷರಗಳಿಂದ ಲಾಭವು ನಷ್ಟವಾಗಿ ತಿರುಗಬಹುದು. ಪೂರ್ತಿ ಪೆಟ್ಟಿಗೆ ತುಂಬಲಾರದವರ ಬಿಡಿಸರಕಿಗೆ ತೂಕದ ಟನ್ನು, ಗಾತ್ರದ ಘನಮೀಟರು ಇವೆರಡರಲ್ಲಿ ಹೆಚ್ಚಾದುದರ ಮೇಲೆ ಬಾಡಿಗೆ ಬೀಳುವುದು ವಾಡಿಕೆ. ಹಗುರವಾದ ಸರಕನ್ನು ಸಡಿಲವಾಗಿ ಕಟ್ಟಿದವನು ಗಾಳಿಗೂ ಬಾಡಿಗೆ ತೆತ್ತಂತಾಗುತ್ತದೆ.

ಬೆಳ್ತಂಗಡಿಯ ತೋಟಗಾರನೂ ಮೂಡುಬಿದಿರೆಯ ಸಣ್ಣ ಉತ್ಪಾದಕನೂ ಒಬ್ಬೊಬ್ಬರಾಗಿ ಹಡಗಿನ ಕಂಪನಿಯೊಡನೆ ಚೌಕಾಸಿ ಮಾಡಲಾರರು. ಹತ್ತು ಮಂದಿ ಕೂಡಿ ಒಂದು ಪೆಟ್ಟಿಗೆಯನ್ನು ತುಂಬಿದರೆ ಬಾಡಿಗೆಯೂ ವಿಮೆಯೂ ಹಂಚಿಹೋಗುತ್ತವೆ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದ ಜಿಲ್ಲೆ ಇದು. ಕೂಡಿ ಮಾರುವುದನ್ನು ಕಲಿತವರಿಗೆ ಕೂಡಿ ಸಾಗಿಸುವುದೂ ಅಸಾಧ್ಯವಾಗಲಾರದೆಂದು ನಾವು ನಂಬುತ್ತೇವೆ.