ಹದಿನೆಂಟು ಪೈಸೆಯೂ ಕಂಪ್ಯೂಟರಿನ ಆಣೆ ಲೆಕ್ಕವೂ

ಕಳೆದ ದಸರಾ ರಜೆಯಲ್ಲಿ ನನ್ನ ಮೊಮ್ಮಗಳು ಕಂಪ್ಯೂಟರಿನ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. ಎಂಟನೇ ಕ್ಲಾಸಿನ ಹುಡುಗಿ. ಶಾಲೆಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾರೆ. ಅದರಲ್ಲಿ ಒಂದು ತಕ್ಕಡಿ ಆಟ ಬರೆದಿದ್ದಳು. ಒಂದು ತಟ್ಟೆಯಲ್ಲಿ 0.3 ಕಿಲೋ ಬೆಲ್ಲ, ಇನ್ನೊಂದರಲ್ಲಿ 0.1 ಕಿಲೋ ಮತ್ತು 0.2 ಕಿಲೋ ತೂಕದ ಕಲ್ಲು. ಎರಡೂ ಸಮವಾದರೆ ಕಂಪ್ಯೂಟರು 'ಸರಿ' ಎನ್ನಬೇಕು. ಅದು 'ತಪ್ಪು' ಎನ್ನುತ್ತಿತ್ತು.

"ತಾತ, ಇದಕ್ಕೆ ಕೂಡೋದೇ ಬರಲ್ಲ!" ಎಂದಳು.

"ಕೂಡಿದರೆ ಎಷ್ಟು ಬರುತ್ತದೆ ಅಂತ ಅದನ್ನೇ ಕೇಳು ಪುಟ್ಟಿ" ಎಂದೆ. ಕೇಳಿದಳು. ಪರದೆಯ ಮೇಲೆ 0.30000000000000004 ಎಂದು ಬಂತು. ಹದಿನೇಳನೆಯ ಸ್ಥಾನದಲ್ಲಿ ಒಂದು ನಾಲ್ಕು!

"ವ್ಯತ್ಯಾಸ ತೀರಾ ಸಣ್ಣದಾಗಿದ್ದರೆ ಸರಿ ಅಂತಲೇ ತಗೊಳ್ಳಿ ಅಂದಿದ್ದಾರೆ ನಮ್ಮ ಮಿಸ್" ಎಂದಳು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಈ ಮಾತು ಹಿಡಿಸಲಿಲ್ಲ. "ಸಣ್ಣದು ಅಂತ ಬಿಡೋದು ಅಂದರೇನು?" ಎಂದು ಗದರಿಬಿಟ್ಟೆ. ಆಮೇಲೆ ಅವಳಿಗೆ ನನ್ನ ಹದಿನೆಂಟು ಪೈಸೆಯ ಕಥೆ ಹೇಳಿದೆ.

ಆಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ದಪ್ಪ ದಪ್ಪ ಲೆಡ್ಜರುಗಳು. ಪ್ರತಿ ಖಾತೆಯ ಬಾಕಿ ಕೂಡಿ, ಒಟ್ಟು ಮೊತ್ತ ದೊಡ್ಡ ಪುಸ್ತಕದ ಮೊತ್ತಕ್ಕೆ ತಾಳೆಯಾಗಬೇಕು. ಒಂದು ಸಲ ಹದಿನೆಂಟು ಪೈಸೆ ಕಡಿಮೆ ಬಂತು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಉಳಿಯದಿದ್ದಲ್ಲಿ, ಅಂಕಿ ಹಿಂದುಮುಂದಾಗಿದೆಯೇ ಎಂದು ಮೊದಲು ನೋಡುವುದು ನಮ್ಮ ರೂಢಿ. 53 ಬರೆಯುವಲ್ಲಿ 35 ಬರೆದರೆ ವ್ಯತ್ಯಾಸ ಹದಿನೆಂಟೇ. ಹಾಗೆ ಹುಡುಕಿದೆವು. ಸಿಗಲಿಲ್ಲ. "ಜೇಬಿನಿಂದ ಹಾಕಿ ಮನೆಗೆ ಹೋಗೋಣ ಸಾರ್" ಎಂದೆ ನಾನು. ನಮ್ಮ ಹೆಡ್ ಕ್ಲರ್ಕು ಒಪ್ಪಲಿಲ್ಲ.

ಮೂರನೆಯ ದಿನ ರಾತ್ರಿ ಸಿಕ್ಕಿತು. ತಪ್ಪು ಒಂದಲ್ಲ, ಎರಡು. ಒಬ್ಬ ಮುದುಕಿ ಕಟ್ಟಿದ್ದ 300 ರೂಪಾಯಿ ಅವಳ ಖಾತೆಗೆ ಏರಿರಲಿಲ್ಲ. ಇನ್ನೊಬ್ಬರ 299 ರೂಪಾಯಿ 82 ಪೈಸೆಯ ಚೆಕ್ಕನ್ನು ಅವರ ಖಾತೆಯಿಂದ ಕಳೆದಿರಲಿಲ್ಲ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಕೊಂಡು ಹದಿನೆಂಟು ಪೈಸೆ ಮಾತ್ರ ಹೊರಗೆ ಕಾಣುತ್ತಿತ್ತು. ಮುದುಕಿಯ ಖಾತೆಗೆ 300 ರೂಪಾಯಿ ಬರೆದ ಕೈ ನನ್ನದೇ. ಅದು ಆ ದಿನ ಸ್ವಲ್ಪ ನಡುಗಿತು.

ಮೊಮ್ಮಗಳು ಕೇಳಿಸಿಕೊಂಡು, "ಸರಿ ತಾತ, ಆದರೆ ಕಂಪ್ಯೂಟರಿನಲ್ಲಿ ಏನು ತಪ್ಪಿದೆ? ಹುಡುಕಿ ಕೊಡಿ" ಎಂದಳು. ಹುಡುಕಲು ಕೂತೆ. ಎರಡು ದಿನ ಓದಿದ ಮೇಲೆ ತಿಳಿಯಿತು: ಅಲ್ಲಿ ಯಾರೂ ತಪ್ಪಿಲ್ಲ. ಕಂಪ್ಯೂಟರು ಇನ್ನೂ ಆಣೆ ಲೆಕ್ಕದಲ್ಲಿದೆ, ಅಷ್ಟೆ!

ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. 1957ರ ಏಪ್ರಿಲ್ 1ರಂದು ನಮ್ಮಲ್ಲಿ ನಯಾ ಪೈಸೆ ಬಂತು. ನನಗಾಗ ಏಳು ವರ್ಷ. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ. ಅರ್ಧ ಎಂದರೆ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಅದರ ಅರ್ಧ ಎರಡಾಣೆ, ಅದರ ಅರ್ಧ ಒಂದಾಣೆ. ಕಂಪ್ಯೂಟರು ಭಿನ್ನರಾಶಿಗಳನ್ನು ಇಡುವುದೂ ಹೀಗೆಯೇ: ಅರ್ಧ, ಕಾಲು, ಅರೆಕಾಲು, ಹದಿನಾರನೇ ಒಂದು, ಹೀಗೆ ಅರ್ಧದ ಅರ್ಧಗಳಲ್ಲಿ. ಈಗ ಹತ್ತು ಪೈಸೆಯನ್ನು ಆಣೆಯಲ್ಲಿ ಕೊಡಿ ನೋಡೋಣ. ಒಂದೂವರೆ ಆಣೆ ಕೊಟ್ಟರೆ 9.375 ಪೈಸೆ, ಸಾಲದು. ಎರಡಾಣೆ ಕೊಟ್ಟರೆ 12.5 ಪೈಸೆ, ಹೆಚ್ಚಾಯಿತು. ಆಣೆಯನ್ನು ಎಷ್ಟು ಸಲ ಅರ್ಧ ಮಾಡಿ ಸೇರಿಸುತ್ತ ಹೋದರೂ ಹತ್ತು ಪೈಸೆ ಸರಿಯಾಗಿ ಕೂಡುವುದೇ ಇಲ್ಲ. ಮೂರನೇ ಒಂದನ್ನು ನಾವು 0.333 ಎಂದು ಬರೆಯುತ್ತ ಹೋದರೆ ಮುಗಿಯುವುದಿಲ್ಲವಲ್ಲ, ಹಾಗೆ. ಕಂಪ್ಯೂಟರಿನಲ್ಲಿ ಜಾಗಕ್ಕೆ ಮಿತಿ ಇದೆ. ಎಲ್ಲೋ ಒಂದು ಕಡೆ ನಿಲ್ಲಿಸುತ್ತದೆ. ಆ ಚೂರೇ ಕೊನೆಯ ನಾಲ್ಕು.

"ಹಾಗಾದರೆ ಎಂಟಾಣೆಗೆ ನಾಲ್ಕಾಣೆ ಸೇರಿಸು" ಎಂದೆ. 0.5 ಮತ್ತು 0.25 ಕೂಡಿ, 0.75ಕ್ಕೆ ಸಮವೇ ಎಂದು ಕೇಳಿದಳು. ಕಂಪ್ಯೂಟರು ಸಮ ಎಂದಿತು! ಇಬ್ಬರೂ ಚಪ್ಪಾಳೆ ತಟ್ಟಿದೆವು.

ಆದ್ದರಿಂದ ಅಳತೆ, ತೂಕಗಳ ದಶಮಾಂಶಗಳನ್ನು ಹೋಲಿಸುವಾಗ 'ಎರಡೂ ಒಂದೇನಾ' ಎಂದು ಕೇಳಬಾರದು, 'ವ್ಯತ್ಯಾಸ ಇಷ್ಟರೊಳಗೆ ಇದೆಯಾ' ಎಂದು ಕೇಳಬೇಕು. ಅವಳ ಮಿಸ್ ಹೇಳಿದ್ದೇ ಸರಿ. ಎಷ್ಟರೊಳಗೆ? ಅದು ತೂಗುವ ವಸ್ತುವನ್ನು ನೋಡಿ. ಸೌದೆ ತೂಗುವಾಗ ಒಂದು ಗ್ರಾಂ ಯಾರಿಗೂ ಲೆಕ್ಕವಿಲ್ಲ. ಚಿನ್ನ ತೂಗುವಾಗ ಒಂದು ಗ್ರಾಂ ಬಿಟ್ಟರೆ ಅಂಗಡಿಯಲ್ಲಿ ಜಗಳವೇ. ಪೈಥಾನಿನಲ್ಲಿ ಇದಕ್ಕೆಂದೇ 'ಈಸ್‌ಕ್ಲೋಸ್' ಎಂಬ ಆಜ್ಞೆ ಇದೆ. ನಾವು ಬೇರೆ ಮಿತಿ ಹೇಳದಿದ್ದರೆ, ಸಂಖ್ಯೆಯ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಅದು ಮನ್ನಿಸುತ್ತದೆ.

ಹಾಗಂತ ಈ ಚೂರನ್ನು ಮರೆತುಬಿಡುವಂತಿಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದರ ಲೆಕ್ಕದಲ್ಲಿ ನಡೆಯುತ್ತಿತ್ತು. ನಮ್ಮ ಅದೇ 0.1! ಸುಮಾರು ನೂರು ಗಂಟೆ ಬಿಡದೆ ಓಡಿದ್ದರಿಂದ ಚೂರು ಚೂರೇ ಸೇರಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಾಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. 28 ಸೈನಿಕರು ಸತ್ತರು.

"ಹಾಗಾದರೆ ಮುದುಕಿಯ ದುಡ್ಡನ್ನ ಕಂಪ್ಯೂಟರಿನಲ್ಲಿ ಹೇಗೆ ಇಡೋದು ತಾತ?" ಎಂದಳು ಮೊಮ್ಮಗಳು. ಅವಳೇ ಸ್ವಲ್ಪ ಯೋಚಿಸಿ, "ಎಲ್ಲಾ ಪೈಸೆಯಲ್ಲೇ ಬರೆದರೆ? ಮುನ್ನೂರು ರೂಪಾಯಿ ಅಂದರೆ ಮೂವತ್ತು ಸಾವಿರ ಪೈಸೆ. ಚುಕ್ಕಿನೇ ಬೇಡ" ಎಂದಳು.

ಅದೇ ಸರಿ. ಪೂರ್ಣಸಂಖ್ಯೆಯಾದರೆ ಚೂರು ಉಳಿಯುವುದಿಲ್ಲ. ಹದಿನೆಂಟು ಪೈಸೆ ಕಡಿಮೆ ಬಂದರೆ ಅದು ನಿಜವಾಗಿ ಯಾರದೋ ತಪ್ಪು, ಹುಡುಕಲೇಬೇಕು.

ಮಕ್ಕಳೇ, ನೀವೂ ಮಾಡಿ ನೋಡಿ. ಮೊದಲು ಅಜ್ಜ ಅಜ್ಜಿಯ ಹತ್ತಿರ ಮೂರಾಣೆಗೆ ಎಷ್ಟು ಪೈಸೆ ಎಂದು ಕೇಳಿ. ನನ್ನ ಲೆಕ್ಕದಲ್ಲಿ 18.75. ಅಂಗಡಿಯಲ್ಲಿ ಹತ್ತೊಂಬತ್ತೆಂದು ಹಿಡಿಯುತ್ತಿದ್ದರು. ಕಾಲು ಪೈಸೆಯನ್ನು ಅಂದೇ ಮನ್ನಿಸಿದ್ದೆವು ನೋಡಿ!